ಚಿಕ್ಕಮಾವನಿಗಾಗಿ ಬೆರೆಸಿದ ಶ್ಯಾಂಡಿ

ನಮ್ಮ ಕ್ಲಬ್ಬಿನ ಮೀಟಿಂಗುಗಳಲ್ಲಿ ಯಾರು ಬಾಯಿ ಬಿಡುತ್ತಾರೋ ಕೆಲಸ ಅವರ ತಲೆಗೆ. ಇದು ಎಲ್ಲಿಯೂ ಬರೆದಿಟ್ಟ ನಿಯಮವಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಮದುವೆಯಾಗಿ ಬಂದ ಮೇಲೆ ಹನ್ನೊಂದು ವರ್ಷ ನಾನು ಆ ಮೀಟಿಂಗ್ ಹಾಲ್‌ನ ಬೆತ್ತದ ಕುರ್ಚಿಗಳಲ್ಲಿ ಬಾಯಿ ಮುಚ್ಚಿಕೊಂಡೇ ಕೂತಿದ್ದೆ. ತೊಂಬತ್ತರ ದಶಕದ ಕೊನೆಯ ಒಂದು ಫೆಬ್ರವರಿಯಲ್ಲಿ, ಕೊಯ್ಲು ಮುಗಿದ ಸುಸ್ತಿಗೋ ಏನೋ, ಬಾಯಿ ಬಿಟ್ಟೆ.

ಮಾತು ಬಂದದ್ದು ಬೇಸಿಗೆ ಊಟದ್ದು. ಹೂಮಳೆ ಬಿದ್ದು ಕಾಫಿ ಹೂವಾಗಿ ಕಾಯಿ ಕಚ್ಚಿದ ಮೇಲೆ, ಮೂಡಿಗೆರೆ ಸುತ್ತಿನ ಬೆಳೆಗಾರರೆಲ್ಲ ಏಪ್ರಿಲ್‌ನ ಒಂದು ಭಾನುವಾರ ಕ್ಲಬ್ಬಿನ ಹುಲ್ಲುಹಾಸಿನ ಮೇಲೆ ಸೇರುತ್ತಿದ್ದರು. ಊಟ ಅನ್ನುವುದು ಹೆಸರಿಗೆ. ಹನ್ನೊಂದು ಗಂಟೆಗೆ ವಿಸ್ಕಿಗೆ ಕೂತ ಗಂಡಸರು ಬಿರಿಯಾನಿ ಆರಿ ಅಂಟಂಟಾಗುವವರೆಗೆ ಏಳುತ್ತಿರಲಿಲ್ಲ. ಆಮೇಲೆ ಅದೇ ಕೈಗಳು ಜೀಪಿನ ಸ್ಟಿಯರಿಂಗ್ ಹಿಡಿಯುತ್ತಿದ್ದವು. ಪಕ್ಕದಲ್ಲಿ ಕೂತ ನಾವು ಹೆಂಗಸರು ಒಂದೊಂದು ತಿರುವಿಗೂ ಒಂದೊಂದು ದೇವರನ್ನು ನೆನೆಯುತ್ತಿದ್ದೆವು.

ಹಿಂದಿನ ವರ್ಷ ಚಿಕ್ಕಮಾವ ಊಟ ಮುಗಿಸಿ ಹೋಗುವಾಗ ಬಣಕಲ್ ದಾಟಿ ಒಂದು ತಿರುವಿನಲ್ಲಿ ಜೀಪನ್ನು ನೇರ ಚರಂಡಿಗೆ ಇಳಿಸಿದ್ದರು. ಅವರು ನನ್ನ ಗಂಡನ ಚಿಕ್ಕಪ್ಪ. ಅರವತ್ತೆಂಟು ವಯಸ್ಸು. ಚಿಕ್ಕತ್ತೆ ತೀರಿಕೊಂಡ ಮೇಲೆ ಬಾಳೂರಿನ ಕಡೆಯ ತೋಟದಲ್ಲಿ ಅಡಿಗೆಯವನೊಬ್ಬನನ್ನು ಇಟ್ಟುಕೊಂಡು ಒಬ್ಬರೇ ಇದ್ದರು. ಕುಡಿತದಲ್ಲಿ ಅವರನ್ನು ಮೀರಿಸುವವರು ಮೂರು ಹೋಬಳಿಯಲ್ಲಿಲ್ಲ ಎಂದು ಕ್ಲಬ್ಬಿನವರು ಹೆಮ್ಮೆಯಿಂದ ಹೇಳುತ್ತಿದ್ದರು. ಜೀಪು ಚರಂಡಿಗೆ ಬಿದ್ದ ಕತೆಯನ್ನು ವರ್ಷವಿಡೀ ಹೇಳಿ ಹೇಳಿ ನಕ್ಕರು. ಹಣೆಗೆ ಆರು ಹೊಲಿಗೆ ಬಿದ್ದದ್ದು ಮಾತ್ರ ಆ ಕತೆಯಲ್ಲಿ ಬರುತ್ತಿರಲಿಲ್ಲ.

"ಈ ಸಲ ಊಟಕ್ಕೆ ವಿಸ್ಕಿ ಬ್ರಾಂಡಿ ಬೇಡ" ಎಂದೆ ನಾನು. "ಹೊರದೇಶದಲ್ಲೆಲ್ಲ ಹಗಲು ಹೊತ್ತು ಲೈಟಾಗಿ ಕುಡೀತಾರಂತೆ. ಬಿಯರಿಗೆ ಅರ್ಧಕ್ಕರ್ಧ ನಿಂಬೆ ಸೋಡಾ, ವೈನಿಗೆ ಹಣ್ಣಿನ ರಸ, ಹಂಗೆ. ಸೆಕೆಗೂ ಒಳ್ಳೇದು, ಜೀಪಿಗೂ ಒಳ್ಳೇದು."

ಹೆಂಗಸರ ಸಾಲು ಚಪ್ಪಾಳೆ ತಟ್ಟಿತು. ಗಂಡಸರ ಸಾಲಿನಿಂದ ಯಾರೋ, "ಹಂಗಾದ್ರೆ ಮಾಡೋರು ಯಾರು?" ಎಂದರು. ಎಲ್ಲ ತಲೆಗಳೂ ನನ್ನ ಕಡೆಗೆ ತಿರುಗಿದವು. ನನ್ನ ಗಂಡನ ತಲೆ ಮಾತ್ರ ಕೆಳಗೆ ಬಗ್ಗಿತು.

ನನಗೆ ಈ ಜ್ಞಾನ ಬಂದದ್ದು ಕ್ಲಬ್ಬಿನ ಲೈಬ್ರರಿಯ ಒಂದು ಹಳೆಯ ಇಂಗ್ಲಿಷ್ ಮ್ಯಾಗಜೀನಿನಿಂದ. ನಾಲ್ಕು ಪುಟ ತುಂಬ ಜಗತ್ತಿನ ಬೇಸಿಗೆ ಪಾನೀಯಗಳು. ಇಂಗ್ಲೆಂಡಿನವರು ಬಿಯರಿಗೆ ನಿಂಬೆ ಸೋಡಾ ಬೆರೆಸುವ ಶ್ಯಾಂಡಿ, ಸ್ಪೇನಿನವರು ಕೆಂಪು ವೈನಿಗೆ ಹಣ್ಣು ಹಾಕುವ ಸಾಂಗ್ರಿಯಾ, ಆಸ್ಟ್ರಿಯಾದವರು ಬಿಳಿ ವೈನಿಗೆ ಸೋಡಾ ಹಾಕಿ ಕುಡಿಯುವ ಸ್ಪ್ರಿಟ್ಸರ್, ಮೆಕ್ಸಿಕೋದವರು ಬಿಯರಿಗೆ ನಿಂಬೆ, ಉಪ್ಪು, ಮೆಣಸಿನ ಪುಡಿ ಹಾಕಿ ಕುಡಿಯುವ ಇನ್ನೊಂದು. ಉದ್ದನೆಯ ಗ್ಲಾಸಿನ ಮೈಮೇಲೆಲ್ಲ ಬೆವರಿನ ಹಾಗೆ ನೀರ ಹನಿ, ಮೇಲೆ ಪುದೀನ ಎಲೆ. ಓದುವಾಗ ಎಷ್ಟು ಸುಲಭ ಅನ್ನಿಸಿತ್ತು! ಬೇಕಾದದ್ದು ಹಣ್ಣು, ವೈನು, ಸೋಡಾ, ಐಸು, ಅಷ್ಟೇ.

ಅಷ್ಟೇ ಅಂದುಕೊಂಡದ್ದರಲ್ಲಿ ಒಂದೊಂದೂ ನನ್ನ ರಕ್ತ ಹೀರಿತು.

ಮೊದಲು ಹಣ್ಣು. ಸಾಂಗ್ರಿಯಾಕ್ಕೆ ಕಿತ್ತಳೆ ಬೇಕು. ನಮ್ಮ ತೋಟದ ತುಂಬ ಕಿತ್ತಳೆ ಮರ. ಡಿಸೆಂಬರಿನಲ್ಲಿ ಬಂದ ನೆಂಟರಿಗೆಲ್ಲ ಚೀಲ ಚೀಲ ಕೊಟ್ಟು, ಮಂಗಗಳು ತಿಂದು ಮಿಕ್ಕಿದ್ದು ನೆಲದ ಮೇಲೆ ಕೊಳೆಯುತ್ತಿತ್ತು. ಏಪ್ರಿಲ್‌ಗೆ ಒಂದು ಹಣ್ಣೂ ಇಲ್ಲ. ಸಂತೆಯಲ್ಲಿ ಸಿಕ್ಕಿದ ಹೊರ ಊರಿನ ಕಿತ್ತಳೆಯನ್ನು ಹಿಂಡಿದರೆ ನಾರು ಬಂತೇ ಹೊರತು ರಸ ಬರಲಿಲ್ಲ.

ವೈನಿಗೆಂದು ಚಿಕ್ಕಮಗಳೂರಿಗೆ ನಾನೇ ಹೋದೆ. ಅಂಗಡಿಯವನು ನನ್ನ ಬೆನ್ನ ಹಿಂದೆ ಗಂಡಸು ಯಾರಾದರೂ ಬರುತ್ತಾರೋ ಎಂದು ಇಣುಕಿದ. ಯಾರೂ ಬರಲಿಲ್ಲ. ಕೆಂಪು ವೈನು ಬೇಕು ಎಂದೆ. ಧ್ವನಿ ತಗ್ಗಿಸಿ, "ಬಾಣಂತಿಗಾ ಅಮ್ಮ?" ಎಂದು ಕೇಳಿದ.

"ಅಲ್ಲ."

"ಮತ್ತೆ ಯಾರಿಗೆ?"

"ಎಂಬತ್ತು ಜನಕ್ಕೆ" ಎಂದೆ.

ಬಾಣಂತಿಯರಿಗೆ ಕೊಡುವ ಆ ದಪ್ಪ ಸಿಹಿ ವೈನೊಂದೇ ಅವನಲ್ಲಿದ್ದದ್ದು. ಇದ್ದಷ್ಟನ್ನೂ ಪೇಪರಿನಲ್ಲಿ ಸುತ್ತಿ, ಹೊರಗಿನವರಿಗೆ ಕಾಣದ ಹಾಗೆ ಬ್ಯಾಗಿಗೆ ಹಾಕಿಕೊಟ್ಟ. ಅಷ್ಟು ಗುಟ್ಟು ಮಾಡಿದ್ದರಿಂದಲೇ ಬಸ್‌ಸ್ಟ್ಯಾಂಡಿನವರೆಗೆ ಎಲ್ಲರೂ ನನ್ನ ಬ್ಯಾಗನ್ನೇ ನೋಡಿದರು.

ಬಿಳಿ ವೈನು ಬೆಂಗಳೂರಿನಿಂದಲೇ ಬರಬೇಕಿತ್ತು. ಯಾವುದೋ ಕೆಲಸಕ್ಕೆ ಹೊರಟಿದ್ದ ಗಂಡನಿಗೆ ಚೀಟಿ ಬರೆದುಕೊಟ್ಟೆ. ಹಿಂದಿರುಗಿದವರು ಬಾಕ್ಸ್ ಇಳಿಸಿದರು. ನೋಡಿದರೆ ಒಂದು ಡಜನ್ ಬಿಳಿ ರಮ್ಮು.

"ರೀ, ಇದೇನಿದು?"

"ವೈಟ್ ಅಂತ ಬರ್ದಿದ್ಯಲ್ಲ. ವೈಟೇ ಇದೆ ನೋಡು."

"ವೈಟ್ ವೈನ್ ಅಂತ ಬರ್ದಿದ್ದೆ."

"ಅದರಲ್ಲೇನಿರುತ್ತೆ ಮಾರಾಯ್ತಿ, ಬರೀ ಹುಳಿ ನೀರು. ಅದಕ್ಕಿಂತ ಇದೇ ವಾಸಿ."

ಕುಡಿತ ಕಮ್ಮಿ ಮಾಡಿಸಲು ಹೊರಟವಳ ಮನೆಯಲ್ಲೇ ಈಗ ಹನ್ನೆರಡು ಬಾಟಲಿ ರಮ್ಮು. ನಾನು ಎರಡು ದಿನ ಅವರ ಹತ್ತಿರ ಮಾತಾಡಲಿಲ್ಲ. ಅವರಿಗೆ ಅದು ಗೊತ್ತಾದದ್ದು ಮೂರನೆಯ ದಿನ.

ಐಸಿನ ಪಾಡು ಇನ್ನೂ ಬೇರೆ. ಬೇಸಿಗೆಯಲ್ಲಿ ಎಲ್ಲ ತೋಟಗಳೂ ಸ್ಪ್ರಿಂಕ್ಲರ್ ಹಾಕಿ ಕೂತಿರುವಾಗ ಮನೆಯ ಬಲ್ಬು ಕೆಂಪಗೆ ಮಿಣಮಿಣ ಅನ್ನುತ್ತಿತ್ತು. ಆ ಕರೆಂಟಿನಲ್ಲಿ ಫ್ರಿಜ್ಜು ನೀರನ್ನು ತಣ್ಣಗೆ ಮಾಡಿದರೆ ಅದೇ ಹೆಚ್ಚು. ತೋಟದ ಟ್ರ್ಯಾಕ್ಟರ್ ಡ್ರೈವರು ನಾನಿದ್ದೇನಲ್ಲ ಎಂದು ಧೈರ್ಯ ಕೊಟ್ಟು, ಬಣಕಲ್‌ನಿಂದ ಗೋಣಿಚೀಲದಲ್ಲಿ ದೊಡ್ಡ ಐಸ್ ಗಡ್ಡೆ ತಂದ. ನಾನು ಖುಷಿಯಿಂದ ಒಡೆದು, ಶ್ಯಾಂಡಿ ಬೆರೆಸಿ, ಮನೆಯವರಿಗೆಲ್ಲ ರುಚಿ ನೋಡಲು ಕೊಟ್ಟೆ. ಮೊದಲ ಗುಟುಕಿಗೇ ಗಂಡ ಮುಖ ಹಿಂಡಿ, "ಬಂಗುಡೆ" ಎಂದರು. ಮಂಗಳೂರಿನಿಂದ ಬರುವ ಮೀನಿನ ಲಾರಿಯ ಐಸು ಅದು.

ಅತ್ತೆ ಈ ಪ್ರಯೋಗಗಳನ್ನೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಂದು ದಿನ ತಡೆಯಲಾರದೆ ಹೇಳಿದರು: "ಅರ್ಧ ಕುಡಿದ್ರೂ ಕುಡುಕ್ರೇ, ಪೂರ್ತಿ ಕುಡಿದ್ರೂ ಕುಡುಕ್ರೇ. ಅದಕ್ಯಾಕೆ ನಿಂಬೆಹಣ್ಣು ಹಾಳು ಮಾಡ್ತಿ?"

ಆದರೂ ಬಿಡಲಿಲ್ಲ ನಾನು. ನಾಲ್ಕು ಮನೆಯ ಫ್ರಿಜ್ಜುಗಳಲ್ಲಿ ಸ್ಟೀಲ್ ಡಬ್ಬಿಗಳನ್ನಿಟ್ಟು ವಾರವಿಡೀ ಐಸು ಕೂಡಿಟ್ಟೆ. ಕಿತ್ತಳೆ ಬಿಟ್ಟು ಅನಾನಸು ಹಾಕಿದೆ. ಬಾಣಂತಿ ವೈನಿನ ಅತಿಸಿಹಿಯನ್ನು ಮುರಿಯಲು ಪುನರ್ಪುಳಿ ಹಣ್ಣಿನ ಹುಳಿ ರಸ ಸೇರಿಸಿ, ಚಕ್ಕೆ ನೆನೆಸಿ, ಗೋಲಿಸೋಡಾ ಹೊಯ್ದೆ. ಸ್ಪೇನಿನವರು ಅದನ್ನು ಸಾಂಗ್ರಿಯಾ ಎಂದು ಒಪ್ಪುತ್ತಿದ್ದರೋ ಇಲ್ಲವೋ, ನನಗೆ ಮಾತ್ರ ಅದರ ರುಚಿ ನೋಡಿದ ಮಧ್ಯಾಹ್ನ ಆರು ವಾರದ ಸಿಟ್ಟೆಲ್ಲ ಒಂದು ಗಳಿಗೆ ಇಳಿಯಿತು. ಆಳವಾದ ಕೆಂಪು ಬಣ್ಣ, ನಾಲಿಗೆಗೆ ಹುಳಿ, ಗಂಟಲಿಗೆ ತಂಪು, ಕೊನೆಗೆ ಎಲ್ಲೋ ಸ್ವಲ್ಪ ಬೆಚ್ಚಗೆ. ಎರಡು ಗ್ಲಾಸು ಕುಡಿದರೂ ತಲೆ ನೆಟ್ಟಗೆ ಕೂತಿತ್ತು.

ಊಟದ ದಿನ ಬಂತು. ಮೋಡದ ಸುಳಿವಿಲ್ಲದ, ಮರದ ಎಲೆ ಅಲ್ಲಾಡದ ಸೆಕೆ. ಸಿಲ್ವರ್ ಓಕ್ ನೆರಳಿನಲ್ಲಿ ಉದ್ದ ಟೇಬಲ್ ಹಾಕಿಸಿ ಹಂಡೆಯಲ್ಲಿ ಸಾಂಗ್ರಿಯಾ, ಜಗ್ಗುಗಳಲ್ಲಿ ಶ್ಯಾಂಡಿ, ಒಂದು ಕಡೆ ಆ ಮೆಕ್ಸಿಕೋದ್ದು ಜೋಡಿಸಿದೆ. ಕ್ಲಬ್ಬಿನ ಬಟ್ಲರ್ ಬಿಳಿ ಕೋಟು ಹಾಕಿಕೊಂಡು ಬಂದು, ಹಂಡೆಯೊಳಗೆ ತೇಲುವ ಅನಾನಸು ಚೂರುಗಳನ್ನು ನೋಡಿ, "ಅಮ್ಮಾವ್ರೆ, ಇದು ಊಟ ಆದ್ಮೇಲೆ ಕೊಡೋದಾ?" ಎಂದ. ನಲವತ್ತು ವರ್ಷ ವಿಸ್ಕಿ ಅಳೆದ ಕೈ. ಅದರಲ್ಲಿ ಹಿಟ್ಟಿನ ಸೌಟು ಹಿಡಿದು ಅವನು ಆ ದಿನವಿಡೀ ಅವಮಾನದಲ್ಲಿ ನಿಂತಿದ್ದ.

ಹೆಂಗಸರು ಸಾಂಗ್ರಿಯಾವನ್ನು ಎರಡೆರಡು ಸಲ ಹಾಕಿಸಿಕೊಂಡರು. ಗಂಡಸರು ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು. "ಇದರಲ್ಲಿ ಮದ್ದು ಹಾಕೋದು ಮರ್ತಿದ್ದೀರಾ?" ಎಂದರೊಬ್ಬರು. ಮೆಕ್ಸಿಕೋದ್ದನ್ನು ಕುಡಿದ ಇನ್ನೊಬ್ಬರು, "ಸಾರು ಚೆನ್ನಾಗಿದೆ, ಅನ್ನ ಎಲ್ಲಿ?" ಎಂದರು. ಅರ್ಧ ಗಂಟೆಯಲ್ಲಿ ಒಬ್ಬೊಬ್ಬರಾಗಿ ಜೀಪುಗಳ ಕಡೆಗೆ ನಡೆಯತೊಡಗಿದರು. ಏನೋ ಮರೆತು ಬಂದವರ ಹಾಗೆ ಹೋಗಿ, ಏನೋ ಸಿಕ್ಕಿದವರ ಹಾಗೆ ನಗುತ್ತಾ ಬಂದರು. ಸೀಟುಗಳ ಅಡಿಯಲ್ಲಿ ಬಾಟಲಿಗಳಿದ್ದವು. ನಮ್ಮ ಮನೆಯ ಬಿಳಿ ರಮ್ಮೂ ಅಲ್ಲಿತ್ತು ಎಂದು ನನಗೆ ಆಮೇಲೆ ತಿಳಿಯಿತು.

ಚಿಕ್ಕಮಾವ ಮಾತ್ರ ಎಲ್ಲಿಗೂ ಏಳಲಿಲ್ಲ. ಬಿಸಿಲಿಗೆ ಕರಿ ಕನ್ನಡಕ ಹಾಕಿಕೊಂಡು, ಟೇಬಲ್ಲಿನ ಎದುರಿಗೇ ಕೂತು, ಖಾಲಿ ಗ್ಲಾಸು ತರಿಸಿಕೊಂಡು, ಕೋಟಿನ ಜೇಬಿನಿಂದ ಚಪ್ಪಟೆ ಸ್ಟೀಲ್ ಬಾಟಲಿ ತೆಗೆದು, ಎಲ್ಲರ ಕಣ್ಣೆದುರಿಗೇ ಕಂದು ಬಣ್ಣದ್ದನ್ನು ಹೊಯ್ದುಕೊಂಡರು. ಸುತ್ತಲಿನವರು ಹೋ ಎಂದು ಕೂಗಿದರು. ನಾನು ಕೆಂಪು ಗ್ಲಾಸನ್ನು ಅವರ ಮುಂದಿಟ್ಟು, "ಮಾವ, ಇದನ್ನಾದ್ರೂ ರುಚಿ ನೋಡಿ" ಎಂದೆ.

"ನಂಗೆ ಇದೇ ಸಾಕಮ್ಮ" ಎಂದು ತಮ್ಮ ಗ್ಲಾಸನ್ನು ಎತ್ತಿ ತೋರಿಸಿದರು.

ಯಾರ ಹಣೆಯ ಹೊಲಿಗೆ ನೋಡಿ ನಾನು ಬಾಯಿ ಬಿಟ್ಟಿದ್ದೆನೋ ಅವರೇ ಹೀಗೆ. ಮೈಯೆಲ್ಲ ಉರಿದು ಹೋಯಿತು. ಊಟ ಮುಗಿದು ಅವರು ತಡವರಿಸುತ್ತಾ ಮೆಟ್ಟಿಲಿಳಿದು ಜೀಪಿನ ಹತ್ತಿರ ಹೋಗುವುದನ್ನು ನೋಡಿದೆ. ಓಡಿ ಹೋಗಿ ಕೈಯಿಂದ ಕೀ ಕಸಿದುಕೊಂಡೆ.

"ನಾನು ಬಿಡ್ತೀನಿ ನಿಮ್ಮನ್ನ. ಆ ಕಡೆ ಹತ್ತಿ."

ನಾನು ಡ್ರೈವಿಂಗ್ ಕಲಿತಿದ್ದೆ, ಲೈಸೆನ್ಸೂ ಇತ್ತು. ಆದರೆ ತೋಟದ ಗೇಟಿನಾಚೆಗೆ ಗಂಡ ಸ್ಟಿಯರಿಂಗ್ ಕೊಟ್ಟದ್ದಿಲ್ಲ. ಗಂಡ, "ಏ, ಏ" ಅನ್ನುತ್ತಾ ಎರಡು ಹೆಜ್ಜೆ ಬಂದರು. ಅವರ ಕೈಯಲ್ಲೂ ಗ್ಲಾಸಿತ್ತು. ನಾನು ಆ ಗ್ಲಾಸನ್ನೇ ನೋಡಿದೆ. ಅವರು ಅಲ್ಲಿಗೇ ನಿಂತರು.

ಬಣಕಲ್‌ವರೆಗೆ ಸಿಟ್ಟಿನಲ್ಲೇ ಗೇರ್ ಎಳೆಯುತ್ತಾ ಓಡಿಸಿದೆ. ಊರು ದಾಟಿ ರಸ್ತೆ ಪಡುವಣಕ್ಕೆ ತಿರುಗಿ ಬಿಸಿಲು ಎದುರಿಗೆ ಬಂತು. ಚಿಕ್ಕಮಾವ ಒಮ್ಮೆಲೇ, "ಎಮ್ಮೆ, ಎಮ್ಮೆ, ನಿಧಾನ!" ಎಂದು ಡ್ಯಾಶ್‌ಬೋರ್ಡ್ ಹಿಡಿದುಕೊಂಡರು. ನಾನು ಬ್ರೇಕ್ ಒತ್ತಿದೆ. ಎಮ್ಮೆಯೂ ಇಲ್ಲ, ದನವೂ ಇಲ್ಲ. ರಸ್ತೆ ಪಕ್ಕ ರಿಪೇರಿಗೆಂದು ಸುರಿದ ಜಲ್ಲಿಯ ಗುಡ್ಡೆಯೊಂದಿತ್ತು.

ಸಾಕಾಗಿ ಹೋಯಿತು. ಜೀಪನ್ನು ಪಕ್ಕಕ್ಕೆ ನಿಲ್ಲಿಸಿ, ಅವರ ಜೇಬಿಗೇ ಕೈ ಹಾಕಿ ಬಾಟಲಿ ತೆಗೆದೆ. ಮಾವನ ಜೇಬಿಗೆ ಸೊಸೆ ಕೈ ಹಾಕುವುದೆಂದರೆ ಸಣ್ಣ ಮಾತಲ್ಲ. ಮುಚ್ಚಳ ತಿರುಗಿಸಿ ಚರಂಡಿಗೆ ಸುರಿಯಹೊರಟವಳಿಗೆ ವಾಸನೆ ಬಡಿಯಿತು. ಮತ್ತೆ ಮೂಸಿ ನೋಡಿದೆ. ನಾಲಿಗೆಗೆ ಹಚ್ಚಿ ನೋಡಿದೆ. ಹಾಲಿಲ್ಲದ, ಬೆಲ್ಲ ಹಾಕಿದ ಕಾಫಿ.

"ಮಾವ, ಇದು ಕಾಫಿ."

ಅವರು ಮುಂದಿನ ಗಾಜನ್ನೇ ನೋಡುತ್ತಿದ್ದರು. "ಬಿಟ್ಟು ಮೂರು ವರ್ಷ ಆಯ್ತು ಮಾರಾಯ್ತಿ. ಲಿವರ್ ಹೋಗಿದೆ, ಒಂದು ತೊಟ್ಟೂ ಮುಟ್ಟಬೇಡಿ ಅಂದ್ರು ಮಂಗಳೂರು ಡಾಕ್ಟ್ರು."

"ಮತ್ತೆ ಯಾರಿಗೂ ಯಾಕೆ ಹೇಳಿಲ್ಲ?"

"ಕುಡಿಯಲ್ಲ ಅಂದ್ರೆ ಇಸ್ಪೀಟ್ ಟೇಬಲ್‌ಗೆ ಯಾರು ಕರೀತಾರೆ? ಅಯ್ಯೋ ಪಾಪ ಅಂತ ಒಂದು ಸೋಡಾ ಕೊಟ್ಟು ಮೂಲೇಲಿ ಕೂರಿಸ್ತಾರೆ."

ನನಗೆ ಲೆಕ್ಕ ಹತ್ತಲಿಲ್ಲ. "ಹಾಗಾದ್ರೆ ಹೋದ ವರ್ಷ ಜೀಪು ಚರಂಡಿಗೆ ಬಿದ್ದದ್ದು?"

ಅವರು ಕರಿ ಕನ್ನಡಕ ತೆಗೆದರು. ಎರಡು ಕಣ್ಣಿನ ಪಾಪೆಗಳ ಮೇಲೂ ಬೂದಿ ಬಣ್ಣದ ಪೊರೆ. ಎಷ್ಟು ಸಲ ಎದುರಿಗೆ ನಿಂತು ಊಟ ಬಡಿಸಿದ್ದೆ! ಒಂದು ಸಲವೂ ನೆಟ್ಟಗೆ ನೋಡಿರಲಿಲ್ಲ.

"ಬಿಸಿಲು ಎದುರಾದ್ರೆ ರೋಡೇ ಬೆಳ್ಳಗಾಗಿ ಹೋಗುತ್ತೆ ಕಣಮ್ಮ. ಅವತ್ತು ತಿರುವು ಎಲ್ಲಿ ಅಂತ ಅಂದಾಜಿನ ಮೇಲೆ ತಿರುಗ್ಸಿದೆ."

"ಅದನ್ನಾದ್ರೂ ಹೇಳಬಾರದಿತ್ತಾ?"

"ಕುಡಿದು ಬಿದ್ದ ಅಂದ್ರೆ ನಗ್ತಾರೆ. ಕಣ್ಣು ಕಾಣದೆ ಬಿದ್ದ ಅಂದ್ರೆ ಅಯ್ಯೋ ಅಂತಾರೆ. ನಗೋದೇ ಮೇಲು."

ಆ ಕ್ಷಣಕ್ಕೆ ನನಗೆ ಕನಿಕರ ಬಂದಿರಬೇಕು ಎಂದು ಓದುವವರು ಅಂದುಕೊಂಡರೆ ತಪ್ಪು. ನನಗೆ ನೆನಪಾದದ್ದು ಬಂಗುಡೆ ಐಸು, ಬಾಣಂತಿ ವೈನು, ಬಸ್‌ಸ್ಟ್ಯಾಂಡಿನ ಜನ, ನಾಲ್ಕು ಮನೆಯ ಫ್ರಿಜ್ಜು. "ಮಾವ, ನೀವು ಕುಡೀತೀರಿ ಅಂತ ಆರು ವಾರ ನಿಂಬೆಹಣ್ಣು ಹಿಂಡಿ ಹಿಂಡಿ ನನ್ನ ಬೆರಳೆಲ್ಲ ಸುಲಿದು ಹೋಗಿದೆ. ಇಡೀ ಕ್ಲಬ್ಬಲ್ಲಿ ಕುಡಿಯದೇ ಇರೋರು ನೀವೊಬ್ರೇನಾ?"

"ನೀನು ಮಾಡಿದ್ದು ಲೈಟು ಅಂತಿದ್ರೂ ಎಣ್ಣೆ ಎಣ್ಣೆನೇ ಅಲ್ವಾ. ನಾನು ಮುಟ್ಟೋ ಹಾಗಿರ್ಲಿಲ್ಲ" ಎಂದರು ಅವರು, ತಪ್ಪೊಪ್ಪಿಕೊಳ್ಳುವ ಧ್ವನಿಯಲ್ಲಿ. "ವಾಸನೆ ಚೆನ್ನಾಗಿತ್ತು."

ಅವರನ್ನು ಮನೆಯ ಬಾಗಿಲಿಗೆ ಬಿಟ್ಟು ಹೇಳಿದೆ: "ನಾನು ಯಾರಿಗೂ ಹೇಳಲ್ಲ. ಆದ್ರೆ ಕೀ ನನ್ನ ಹತ್ರ ಇರುತ್ತೆ. ಕಣ್ಣಿನ ಆಪರೇಷನ್‌ಗೆ ಯಾವತ್ತು ಹೊರಡ್ತೀರೋ ಅವತ್ತು ಜೀಪು ತಗೊಂಡು ನಾನೇ ಬರ್ತೀನಿ." ಅವರು ಬಾಗಿಲ ಚೌಕಟ್ಟನ್ನು ತಡವಿಕೊಂಡು ಒಳಗೆ ಹೋದರು. ನಾನು ಅವರ ಜೀಪಿನಲ್ಲೇ ವಾಪಸು ಬಂದು ಅದನ್ನು ನಮ್ಮ ಶೆಡ್ಡಿನಲ್ಲಿ ನಿಲ್ಲಿಸಿದೆ.

ಆಮೇಲಿನ ಮೂರು ವಾರ ನಾನು ಕೇಳದ ಮಾತಿಲ್ಲ. ಸೊಸೆ ಮಾವನ ಜೀಪು ಕಿತ್ಕೊಂಡ್ಲಂತೆ ಎಂದು ಮೂಡಿಗೆರೆಯಿಂದ ಕಳಸದವರೆಗೆ ಸುದ್ದಿಯಾಯಿತು. "ಎರಡು ಪೆಗ್ಗು ಹಾಕಿದ್ದಕ್ಕೆ ಹಿರಿಯರಿಗೆ ಹಿಂಗಾ ಮಾಡೋದು?" ಎಂದು ಗಂಡ ದಿನಕ್ಕೊಂದು ಸಲ ಕೇಳಿದರು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಮಾತು ಕೊಟ್ಟು ಕೂತಿದ್ದೆನಲ್ಲ, ನುಂಗಿಕೊಂಡೆ. ಕ್ಲಬ್ಬಿನ ಕಮಿಟಿಯೋ, ಬೇಸಿಗೆ ಪಾನೀಯಗಳ ಪ್ರಯೋಗ ಸದಸ್ಯರಿಗೆ ತೃಪ್ತಿಕರವಾಗಿರಲಿಲ್ಲ ಎಂದು ಬರೆದು, ಮುಂದಿನ ವರ್ಷದಿಂದ ಹಳೆಯ ಪದ್ಧತಿಯೇ ಎಂದು ತೀರ್ಮಾನಿಸಿತು. ಚಪ್ಪಾಳೆ ತಟ್ಟಿದ ಹೆಂಗಸರಲ್ಲಿ ಒಬ್ಬರೂ ಎದ್ದು ಮಾತಾಡಲಿಲ್ಲ. ಫೋನಿನಲ್ಲಿ ಮಾತ್ರ ಒಬ್ಬೊಬ್ಬರಾಗಿ, "ಆ ಕೆಂಪುದು ಹೇಗೆ ಮಾಡೋದು ಹೇಳಿ" ಎಂದು ಕೇಳಿ ಬರೆದುಕೊಂಡರು.

ಮೇ ತಿಂಗಳ ಮಧ್ಯದಲ್ಲಿ, ಮಳೆ ಹಿಡಿಯುವ ಮುಂಚೆ, ಚಿಕ್ಕಮಾವನಿಂದ ಫೋನು ಬಂತು. ಎತ್ತಿದ್ದು ಅತ್ತೆ. ಅತ್ತೆಯ ಹತ್ತಿರ ಚಿಕ್ಕಮಾವ ತಾವೇ ಎಲ್ಲವನ್ನೂ ಹೇಳಿಕೊಂಡರಂತೆ, ಕಣ್ಣಿನದ್ದನ್ನೂ ಕಾಫಿಯದ್ದನ್ನೂ. ಆಗಿದ್ದೇನೆಂದರೆ, ಹಿಂದಿನ ದಿನ ತೋಟದ ಲೆಕ್ಕ ಬರೆಯುವ ರೈಟರು ತಂದಿಟ್ಟ ಕೂಲಿ ಪಟ್ಟಿಗೆ ಅವರು ಸಹಿ ಹಾಕಿದ್ದರು. ಸಹಿ ಬಿದ್ದದ್ದು ಕಾಗದದ ಮೇಲಲ್ಲ, ಟೇಬಲ್ಲಿನ ಮೇಲೆ. ರೈಟರು ಏನೂ ಅನ್ನದೆ ಕಾಗದವನ್ನು ಅವರ ಕೈಯಡಿಗೆ ಮೆಲ್ಲಗೆ ಸರಿಸಿದನಂತೆ. ಅವನು ನಕ್ಕಿದ್ದರೆ ಚೆನ್ನಾಗಿತ್ತು ಎಂದರಂತೆ ಚಿಕ್ಕಮಾವ.

ಅತ್ತೆ ಫೋನಿಟ್ಟು ನನ್ನ ಹತ್ತಿರ ಬಂದು, ಮೂರು ವಾರ ಮುಖ ಕೊಟ್ಟು ಮಾತಾಡಿರದ ಹೆಂಗಸು, "ನೀನಾದ್ರೂ ಬಾಯಿ ಬಿಡಬಾರದಿತ್ತಾ?" ಎಂದು ನನ್ನನ್ನೇ ಗದರಿದರು. ಬಾಯಿ ಬಿಟ್ಟರೂ ತಪ್ಪು, ಬಿಡದಿದ್ದರೂ ತಪ್ಪು.

ಮಂಗಳೂರಿಗೆ ನಾನೇ ಕರೆದುಕೊಂಡು ಹೋದೆ. ಚಾರ್ಮಾಡಿ ಘಾಟಿಯ ಉದ್ದಕ್ಕೂ ಗಂಡ ಹಿಂದಿನ ಸೀಟಿನಲ್ಲಿ ಕೂತು, ಗೇರ್ ಬದಲಿಸು, ಹಾರ್ನ್ ಹಾಕು ಎಂದು ನನಗೆ ಡ್ರೈವಿಂಗ್ ಹೇಳಿಕೊಟ್ಟರು. ಮುಂದೆ ಕೂತ ಚಿಕ್ಕಮಾವ, "ಏ ಮಾರಾಯ, ಸುಮ್ನಿರು. ಅವಳಿಗೆ ರೋಡು ಕಾಣುತ್ತೆ" ಎಂದಾಗ ಮಾತ್ರ ಅವರ ಬಾಯಿ ಮುಚ್ಚಿತು.

ಮೊದಲು ಒಂದು ಕಣ್ಣು, ಮಳೆಗಾಲ ಕಳೆದ ಮೇಲೆ ಇನ್ನೊಂದು. ಎರಡೂ ಚೆನ್ನಾಗಿ ಆದವು. ಕಟ್ಟು ಬಿಚ್ಚಿದ ಮೇಲೆ ಚಿಕ್ಕಮಾವ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಇಷ್ಟೊಂದು ಕೂದಲು ಹಣ್ಣಾಗಿದೆಯಲ್ಲಮ್ಮ ನಿಂದು" ಎಂದರು. ಯಾರಿಂದ ಆಯಿತು ಎಂದು ನಾನು ಕೇಳಲಿಲ್ಲ.

ಕುಡಿತ ಬಿಟ್ಟದ್ದು ಬಯಲಾದ ಮೇಲೂ ಇಸ್ಪೀಟಿಗೆ ಅವರನ್ನು ಕರೆಯುವುದನ್ನು ಯಾರೂ ನಿಲ್ಲಿಸಲಿಲ್ಲ. ಬದಲಿಗೆ, ಎಲೆ ಸ್ಪಷ್ಟವಾಗಿ ಕಾಣಿಸುತ್ತಿದ್ದುದರಿಂದ ಅವರು ಗೆಲ್ಲತೊಡಗಿದರು. ಗೆಳೆಯರಿಗೆ ಅದು ಅಷ್ಟು ಹಿಡಿಸಲಿಲ್ಲ.

ದೀಪಾವಳಿಯ ಹೊತ್ತಿಗೆ ಕೀ ವಾಪಸು ಕೊಟ್ಟೆ. ಮರುವಾರ ಅವರೇ ಜೀಪು ಓಡಿಸಿಕೊಂಡು ನಮ್ಮ ಮನೆಗೆ ಬಂದರು. ಹಗಲು ಹನ್ನೊಂದು ಗಂಟೆ, ತಿಳಿ ಬಿಸಿಲು, ಎರಡು ಕಣ್ಣೂ ಫಳಫಳ, ಹೊಟ್ಟೆಯಲ್ಲಿ ಕಾಫಿ ಬಿಟ್ಟರೆ ಬೇರೇನಿಲ್ಲ. ಗೇಟು ದಾಟಿ, ಅಂಗಳಕ್ಕೆ ತಿರುಗುವಲ್ಲಿ ತಿರುಗದೆ, ನನ್ನ ಆಂಥೂರಿಯಂ ಕುಂಡಗಳ ಸಾಲಿನ ಮೇಲೆ ನೇರ ಹತ್ತಿಸಿ ನಿಲ್ಲಿಸಿದರು. ಇಳಿದು, ಒಡೆದ ಕುಂಡಗಳನ್ನು ಒಂದೊಂದಾಗಿ ನೋಡಿದರು.

"ಕಾಣ್ತಾ ಇತ್ತು ಮಾರಾಯ್ತಿ" ಎಂದರು. "ಎಲ್ಲಾ ಸರಿಯಾಗೇ ಕಾಣ್ತಾ ಇತ್ತು."